ನವಮಿಯ ದಿನ ಎತ್ತಿದ ಚಾಕು

ನಮ್ಮ ಅಂಗಡಿಯಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವ ಪದ್ಧತಿ ಇರಲಿಲ್ಲ. ಮಸೆದು, ಒರೆಸಿ, ಹಿಡಿ ಗಿರಾಕಿಯ ಕಡೆಗೆ ಬರುವಂತೆ ಹಲಗೆಯ ಮೇಲೆ ಇಡುತ್ತಿದ್ದೆ, ಅವರೇ ಎತ್ತಿಕೊಳ್ಳಬೇಕು. ಕೈಯಿಂದ ಕೈಗೆ ಹೋದ ಕಬ್ಬಿಣ ಜಗಳ ತರುತ್ತದೆ ಎಂದು ಬಾಗಲಕೋಟೆ ಕಡೆಯ ನಮ್ಮ ಹಿರಿಯರು ಹೇಳುತ್ತಿದ್ದರು, ಪುಣೆಯ ಮರಾಠಿ ಜನವೂ ಅದನ್ನೇ ಹೇಳುತ್ತಿದ್ದರು. ಗೊತ್ತಿಲ್ಲದ ಹೊಸಬರು ಯಾರಾದರೂ ಕೈ ಚಾಚಿದರೆ ನಾನು ರೇಗುತ್ತಿದ್ದೆ. ರೇಗುವುದು ನನಗೆ ಹುಟ್ಟುಗುಣ. ರವಿವಾರ ಪೇಠೆಯಲ್ಲಿ ಹರಿತವಾದದ್ದು ಎರಡೇ, ಇವರ ಚಾಕು ಮತ್ತು ಇವರ ನಾಲಿಗೆ ಎಂದು ನನ್ನ ಹೆಂಡತಿ ನೆರೆಮನೆಯವರ ಮುಂದೆ ಹೇಳಿ ನಗುತ್ತಿದ್ದಳು.

ಯುದ್ಧ ನಡೆದಿದ್ದ ಕಾಲ ಅದು. ಸೀಮೆಎಣ್ಣೆಗೆ ಸಾಲು, ಜೋಳಕ್ಕೆ ಸಾಲು, ಎಲ್ಲರ ತಲೆಯೂ ಕಾದ ಹಂಚಾಗಿತ್ತು. ಆ ವರ್ಷ ಅನಂತ ಚತುರ್ದಶಿಯ ಮೆರವಣಿಗೆಯಲ್ಲಿ, ನಮ್ಮ ಅಂಗಡಿಯ ಮುಂದಿನ ಚೌಕದಲ್ಲಿ, ಯಾರ ಗಣಪತಿ ಮುಂದೆ ಹೋಗಬೇಕು ಎಂಬುದಕ್ಕೆ ಎರಡು ತಾಲೀಮಿನವರು ಕೈಕೈ ಹತ್ತಿದರು. ತಾಲೀಮು ಎಂದರೆ ಕುಸ್ತಿಯ ಗರಡಿಮನೆ. ಒಂದು ನಮ್ಮ ಪೇಠೆಯದು, ಇನ್ನೊಂದು ಪಕ್ಕದ ಪೇಠೆಯದು. ನನ್ನ ಹೆಂಡತಿಯ ತಮ್ಮ ನಮ್ಮ ಪೇಠೆಯ ತಾಲೀಮಿನ ಪೈಲವಾನ. ಇಪ್ಪತ್ತೆರಡರ ಪ್ರಾಯ, ಬಾಗಿಲಲ್ಲಿ ನಿಂತರೆ ಬೆಳಕು ಒಳಗೆ ಬರುತ್ತಿರಲಿಲ್ಲ. ತಂದೆ ತಾಯಿ ಪ್ಲೇಗಿನಲ್ಲಿ ಹೋದ ಮೇಲೆ ಅಕ್ಕನೇ ಅವನನ್ನು ಎತ್ತಿ ಆಡಿಸಿ ದೊಡ್ಡವನನ್ನಾಗಿ ಮಾಡಿದ್ದಳು.

ನಾನು ಅಂಗಡಿಯ ಕಟ್ಟೆಯ ಮೇಲೆ ನಿಂತು ನೋಡುತ್ತಿದ್ದೆ. ಮೊದಲು ಲೇಜಿಮ್ ಕುಣಿತದ ಕೋಲುಗಳು ಎದ್ದವು, ಆಮೇಲೆ ಗಾಡಿಯ ಗೂಟಗಳು ಬಂದವು. ಹಲ್ಲು ಉದುರಿದವು. ಒಬ್ಬನ ಕಿವಿ ಹರಿದು ಕುತ್ತಿಗೆಯ ಮೇಲೆ ನೇತಾಡಿತು. ಎರಡು ಗಾಡಿಗಳ ಮೇಲೂ ಗಣಪತಿ ಸುಮ್ಮನೆ ಕುಳಿತಿದ್ದ, ಕೆಳಗೆ ಭಕ್ತರು ಅವನ ಹೆಸರು ಹೇಳಿ ಒಬ್ಬರನ್ನೊಬ್ಬರು ತುಳಿಯುತ್ತಿದ್ದರು. ಆ ಗದ್ದಲದಲ್ಲಿ ಎದುರು ತಾಲೀಮಿನ ಪೈಲವಾನನೊಬ್ಬ ಬಗ್ಗಿದ್ದು ಕಂಡಿತು. ಕೋಥರೂಡ ಹಳ್ಳಿಯಿಂದ ದಿನಾ ಪೇಠೆಗೆ ಹಾಲು ತರುವವ ಅವನು. ಬಗ್ಗಿದವನು ಏಳುವಾಗ ಅವನ ಕೈಯಲ್ಲಿ ಸಣ್ಣದೊಂದು ಚಾಕು ಇತ್ತು. ನನ್ನ ಭಾವಮೈದುನನ ಕುಸ್ತಿಯ ಜೋಡಿದಾರ ನೆಲಕ್ಕೆ ಬಿದ್ದು ಬಾಯಿ ತೆರೆದು ಚೀರುತ್ತಿದ್ದ. ಮೊಣಕಾಲಿನ ಹಿಂದಿನ ಮಾಂಸ ಕಿತ್ತು ಬಂದಿತ್ತು. ಕೊಯ್ದ ಗಾಯ ಅಲ್ಲ ಅದು, ಜಗ್ಗಿದ ಗಾಯ. ಮೊಂಡು ಚಾಕು ಹಾಗೆಯೇ ಮಾಡುತ್ತದೆ. ಒಳಗಿನ ನರ ತುಂಡಾಗಿ ಮೇಲಕ್ಕೆ ಸೇದಿಕೊಂಡಿತ್ತು. ಆ ಹುಡುಗ ಬದುಕಿದ, ಆದರೆ ಮತ್ತೆಂದೂ ಎರಡು ಕಾಲ ಮೇಲೆ ನೆಟ್ಟಗೆ ನಿಲ್ಲಲಿಲ್ಲ.

ಫೌಜದಾರ ಬಂದ, ಎಲ್ಲರನ್ನೂ ಕೇಳಿದ. ಪೇಠೆಯ ಬಾಯಿಗೆ ಬೀಗ ಬಿದ್ದಿತ್ತು. ಇಂಥ ಲೆಕ್ಕವನ್ನು ಪೊಲೀಸರ ಕೈಗೆ ಕೊಡುವುದು ತಾಲೀಮಿಗೆ ಅವಮಾನ. ನಾನೂ ಸುಮ್ಮನಿದ್ದೆ, ಮಾತಾಡಿದ್ದರೆ ನನ್ನ ಅಂಗಡಿಗೆ ಬೆಂಕಿ ಬೀಳುತ್ತಿತ್ತು.

ಪಿತೃಪಕ್ಷ ಶುರುವಾಯಿತು. ಸಾಮಾನ್ಯವಾಗಿ ಆ ಹದಿನೈದು ದಿನ ನನ್ನ ಕಲ್ಲಿಗೆ ವಿಶ್ರಾಂತಿ. ಆ ವರ್ಷ ಮಾತ್ರ ಎರಡೂ ಪೇಠೆಗಳಿಂದ ಚಾಕು ಬಂದವು. ಕಬ್ಬು ಕೊಯ್ಯಲಿಕ್ಕೆ, ಕಾಗದ ಕತ್ತರಿಸಲಿಕ್ಕೆ, ಪೇರಲ ಹಣ್ಣು ಹೆಚ್ಚಲಿಕ್ಕೆ ಎಂದು ಎಲ್ಲರೂ ಒಂದೊಂದು ಸುಳ್ಳು ಹೇಳಿದರು. ಪೇಠೆಯವರೆಲ್ಲ ಇದ್ದಕ್ಕಿದ್ದಂತೆ ಪೇರಲ ತಿನ್ನಲು ನಿಂತಿದ್ದಾರಲ್ಲ ಎಂದು ಬೈದು, ಹಲವರನ್ನು ವಾಪಸು ಅಟ್ಟಿದೆ. ಹಾಗೆ ಒಂದು ಮಧ್ಯಾಹ್ನ ಭಾವಮೈದುನ ಬಂದು ಹಲಗೆಯ ಮೇಲೆ ಮಡಚುವ ಚಾಕುವೊಂದನ್ನು ಇಟ್ಟ. ದಂಡಿನವರು ಇರುವ ಲಷ್ಕರದ ಸಂತೆಯಲ್ಲಿ ಗೋರಾ ಸಿಪಾಯಿಗಳ ಹಳೆಯ ಸಾಮಾನು ಮಾರುವವರ ಬಳಿ ಕೊಂಡದ್ದು. ಕೊಂಬಿನ ಹಿಡಿ, ಒಳ್ಳೆಯ ಉಕ್ಕು, ಬಾಯಿ ಮಾತ್ರ ಹೆಂಚಿನ ತುಂಡಿನಷ್ಟು ಮೊಂಡು.

"ಇದಕ್ಕ ಧಾರಿ ಹಿಡೀರಿ, ಮಾಮಾ," ಎಂದ.

"ಯಾತಕ್ಕ? ಪೇರಲಹಣ್ಣಿಗೇನು?"

"ನಿಮ್ಮ ಮುಂದ ಯಾಕ ಸುಳ್ಳ ಹೇಳ್ಲಿ? ಆ ಹಾಲಿನವಗ."

ಹೇಳಿದ್ದು ಒಳಗಿದ್ದ ನನ್ನ ಹೆಂಡತಿಗೂ ಕೇಳಿಸಿತು. ನಾನು ಚಾಕು ಎತ್ತಿ ರಸ್ತೆಗೆ ಎಸೆಯಲು ಹೊರಟಿದ್ದೆ. ಅವಳು ಬಂದು ನನ್ನ ಮೊಣಕೈ ಹಿಡಿದಳು. ತಮ್ಮ ಹೋದ ಮೇಲೆ ಅತ್ತಳು.

"ನೀವು ಒಲ್ಲೆ ಅಂದ್ರ ಬ್ಯಾರೆ ಕಡೆ ಹೋಗ್ತಾನ್ರಿ. ಚಾಕು ನಿಮ್ಮ ಕೈಯಾಗರ ಇರಲಿ. ಅವ ಗಲ್ಲಿಗೇರಿದ್ರ ನಾ ಯಾರನ್ನ ನೋಡಿ ಬದುಕ್ಲಿ? ತೌರಮನಿ ಅಂದ್ರ ನನಗ ಅವನೊಬ್ಬನ."

ಅವಳು ಹೇಳಿದ್ದರಲ್ಲಿ ಅರ್ಥವಿತ್ತು. ಚಾಕು ನನ್ನ ಬಳಿಯೇ ಉಳಿಯಿತು.

ಜೇಬಿನ ಚಾಕು ಮಸೆಯಲು ನನಗೆ ಬೇಕಾದದ್ದು ಒಂದು ಒರಟು ಕಲ್ಲು, ಒಂದು ನಯ ಕಲ್ಲು, ಒಂದು ಚರ್ಮದ ಪಟ್ಟಿ, ಒಂದು ಬೋಗುಣಿ ನೀರು, ಇಷ್ಟೇ. ಅಲಗಿನ ಬೆನ್ನನ್ನು ಕಲ್ಲಿನಿಂದ ಎಷ್ಟು ಎತ್ತುತ್ತೀರಿ ಎಂಬುದರಲ್ಲಿದೆ ಎಲ್ಲ ವಿದ್ಯೆ. ಎರಡು ಬೆಂಕಿಕಡ್ಡಿ ಅಡಿಯಲ್ಲಿ ತೂರುವಷ್ಟು ಸಾಕು. ಆ ಎತ್ತರ ಹಿಡಿಯಿಂದ ಮೊನೆಯವರೆಗೆ ಬದಲಾಗಬಾರದು. ಕಲ್ಲಿನ ಮೇಲಿನಿಂದ ತೆಳುವಾದೊಂದು ಪದರ ಹೆರೆಯುವವನಂತೆ ಮುಂದಕ್ಕೆ ತಳ್ಳಬೇಕು, ಮೊನೆ ಬರುವಷ್ಟರಲ್ಲಿ ಮೊಣಕೈ ತುಸು ಮೇಲಕ್ಕೆ. ಒಂದು ಬದಿ ಮಸೆದು ಸಾಕಾಯಿತು ಎಂದರೆ ಆಚೆ ಬದಿಯ ಅಂಚಿನಲ್ಲಿ ಕಣ್ಣಿಗೆ ಕಾಣದ ಉಕ್ಕಿನ ಎಳೆಯೊಂದು ಏಳುತ್ತದೆ. ಅದಕ್ಕೆ ನಾವು ಸಿಬಿರು ಅನ್ನುತ್ತಿದ್ದೆವು. ಬೆರಳನ್ನು ಅಡ್ಡ ಎಳೆದರೆ ಗರಗರ ಹತ್ತುತ್ತದೆ. ಆಮೇಲೆ ಇನ್ನೊಂದು ಬದಿ, ಮತ್ತೆ ನಯ ಕಲ್ಲು, ಕೈಭಾರ ಕಡಿಮೆ ಮಾಡುತ್ತ ಮಾಡುತ್ತ ಆ ಸಿಬಿರನ್ನು ಪೂರ್ತಿ ತೆಗೆದು, ಕೊನೆಗೆ ಚರ್ಮದ ಪಟ್ಟಿಯ ಮೇಲೆ ಹಿಮ್ಮುಖವಾಗಿ ಎಳೆಯಬೇಕು.

ಸಿಬಿರನ್ನು ತೆಗೆಯದೆ ನೆಟ್ಟಗೆ ನಿಲ್ಲಿಸಿಬಿಡುವುದು ಕಳ್ಳ ಕೆಲಸ. ಅಂಥ ಚಾಕು ಮುಂಗೈಯ ಕೂದಲನ್ನು ಸೊಗಸಾಗಿ ಬೋಳಿಸುತ್ತದೆ. ಗಿರಾಕಿ ಖುಷಿಯಿಂದ ಹೋಗುತ್ತಾನೆ. ಗಟ್ಟಿಯಾದದ್ದು ಒಂದನ್ನು ಕೊಯ್ದರೆ ಆ ಎಳೆ ಮಡಚಿ ಬಿದ್ದು ಚಾಕು ಮತ್ತೆ ಮೊಂಡು. ಊರೂರು ತಿರುಗುವ ಸಾಣೆಚಕ್ರದವರು ಹೀಗೆ ಮಾಡಿ ಓಡಿಹೋಗುತ್ತಿದ್ದರು. ನಾನು ಅವರ ಜನ್ಮ ಜಾಲಾಡುತ್ತಿದ್ದೆ. ಆ ಸಲ ನಾನೇ ಆ ಕೆಲಸ ಮಾಡಿದೆ, ಬೇಕೆಂದೇ ಮಾಡಿದೆ. ಸುಳ್ಳು ಧಾರೆ ಹಿಡಿದು ಚಾಕುವನ್ನು ಹಲಗೆಯ ಮೇಲಿಟ್ಟೆ.

ಭಾವಮೈದುನ ಬಂದು ಎತ್ತಿದ. ಮುಂಗೈಯ ಕೂದಲ ಮೇಲೆ ಎಳೆದು ನೋಡಲಿಲ್ಲ. ನೆಟ್ಟಗೆ ಬಾಗಿಲ ಚೌಕಟ್ಟಿಗೆ ಹೋಗಿ ಸಾಗವಾನಿಯ ಮೂಲೆಯಿಂದ ಒಂದು ಚಕ್ಕೆ ತೆಗೆದ, ಇನ್ನೊಂದು ತೆಗೆದ. ಆಮೇಲೆ ಕೂದಲ ಮೇಲೆ ಎಳೆದ. ಒಂದು ಕೂದಲೂ ಬೀಳಲಿಲ್ಲ. ನಮ್ಮ ಮನೆಯಲ್ಲಿ ಬೆಳೆದವ, ನನ್ನ ಬಯ್ಗುಳ ಕೇಳುತ್ತಲೇ ವಿದ್ಯೆಯನ್ನೂ ಕೇಳಿಸಿಕೊಂಡಿದ್ದ.

"ನನಗ ಸಿಬಿರ ಕೊಡ್ತೀರಿ, ಮಾಮಾ?" ಎಂದ. ಮುಖ ಕಪ್ಪಿಟ್ಟಿತು. "ಅಂವಾ ನನ್ನ ಜೋಡಿದಾರನ ಕಾಲ ಹರದಾನ. ನಾ ಮೊಂಡ ಚಾಕು ತಗೊಂಡು ಅವನ ಮುಂದ ನಿಂತು ಸಾಯಬೇಕೇನ್ರಿ?"

ನೀರಿನ ಬೋಗುಣಿಯನ್ನು ಒದ್ದ. ಅದು ಗೋಡೆಗೆ ಬಡಿದು ನೆಗ್ಗಿತು. ನನ್ನ ಅಂಗಿಯ ಕೊರಳಪಟ್ಟಿ ಹಿಡಿದು ಗೋಡೆಗೆ ಒತ್ತಿದ. ನನ್ನ ಕಾಲು ನೆಲ ಬಿಟ್ಟಿದ್ದವು. ಉಸಿರು ಸಿಕ್ಕಿಕೊಂಡರೂ ಸಿಟ್ಟು ಸಿಕ್ಕಿಕೊಳ್ಳಲಿಲ್ಲ ನನಗೆ. ಅವನ ಕಣ್ಣಿನಲ್ಲಿ ಕಣ್ಣಿಟ್ಟು ಹೇಳಿದೆ:

"ನಿನಗ ಧಾರಿ ಬೇಕೇನಲೇ? ಹಂಗಾದ್ರ ನೀನ ಕೂಡು. ನೀನ ಮಸಿ. ನಾ ನಿನ್ನ ಹಂತ್ಯಾಕ ಕೂತು ಹೇಳಿಕೊಡ್ತೀನಿ. ಕೊಲೆಗೆ ನನ್ನ ಕೈ ಸೇರಿಸಬ್ಯಾಡ."

ಆಗ ಬಾಯಿಗೆ ಬಂದ ಮಾತು ಅದು. ಆದರೆ ಹೇಳಿದ ಮೇಲೆ ನನಗೇ ಅದು ಒಳ್ಳೆಯ ಉಪಾಯ ಅನ್ನಿಸಿತು. ಸಿಟ್ಟಿನ ಕೈಗೆ ಧಾರೆ ಬರುವುದಿಲ್ಲ. ಸಿಟ್ಟು ಬಂದವನು ಒತ್ತುತ್ತಾನೆ. ಒತ್ತಿದರೆ ಮಣಿಕಟ್ಟು ತೂಗುತ್ತದೆ. ತೂಗಿದರೆ ಅಂಚು ದುಂಡಗಾಗುತ್ತದೆ. ಇದು ನನ್ನ ಸ್ವಂತ ಅನುಭವ. ಮನೆಯಲ್ಲಿ ಜಗಳಾಡಿ ಬಂದ ದಿನ ನಾನು ಎಷ್ಟು ಚಾಕು ಕೆಡಿಸಿದ್ದೇನೆ ಎಂದು ನನ್ನ ಕಲ್ಲಿಗೇ ಗೊತ್ತು. ಧಾರೆ ಬರುವಷ್ಟರಲ್ಲಿ ಇವನ ಸಿಟ್ಟೂ ಕಲ್ಲಿನ ಮೇಲೆ ತೇದುಹೋಗುತ್ತದೆ ಎಂದು ಲೆಕ್ಕ ಹಾಕಿದೆ.

ಮೊದಮೊದಲು ಹಾಗೆಯೇ ಆಯಿತು. ತಾಲೀಮಿನಿಂದ ಮೈತುಂಬ ಕೆಂಪು ಮಣ್ಣು ಮೆತ್ತಿಕೊಂಡು ಬಂದು ಕೂರುತ್ತಿದ್ದ. ಕಲ್ಲಿನ ಮೇಲೆ ಅಲಗನ್ನು ಒತ್ತಿ ಕಿರ್ರೆನ್ನಿಸುತ್ತಿದ್ದ. ಹಲ್ಲು ಕಡಿಯುತ್ತಿದ್ದ. ಆ ಹಾಲಿನವನ ತಾಯಿ, ಅಕ್ಕತಂಗಿಯರನ್ನೆಲ್ಲ ಬಾಯಿಗೆ ಬಂದಂತೆ ಬೈಯುತ್ತ ಮಸೆಯುತ್ತಿದ್ದ. ಒಮ್ಮೆ ಅಲಗು ಜಾರಿ ಹೆಬ್ಬೆರಳಿನ ಬುಡ ಸೀಳಿತು, ಕಲ್ಲಿನ ನೀರು ಕೆಂಪಾಯಿತು. ನಾನು ಏನೂ ಮರುಕ ತೋರಿಸಲಿಲ್ಲ.

"ಕಲ್ಲಿನ ಜೋಡಿ ಕುಸ್ತಿ ಹಿಡಿಬ್ಯಾಡ. ಅದು ನಿನಗ ಚಿತ್ ಆಗೂದಿಲ್ಲ," ಎಂದೆ. "ಎತ್ತರ ನೋಡು. ಮೊನಿ ಕಡೆ ಬಂದಾಗ ಕೈ ಬಿದ್ದು ಹೋಗಲಿಕ್ಕತ್ತದ. ಬಿಡು. ಮತ್ತ ಮೊದಲಿನಿಂದ."

ಅಂಚಿಗೆ ಮಸಿ ಹಚ್ಚಿ ಮಸೆಯಲು ಹೇಳಿದೆ. ಮಸಿ ಎಲ್ಲಿ ಉಳಿಯಿತೋ ಅಲ್ಲಿ ಕಲ್ಲು ಮುಟ್ಟಿಲ್ಲ ಎಂದರ್ಥ. ದಿನವೂ ಮಸಿ ಎಲ್ಲೋ ಒಂದು ಕಡೆ ಉಳಿಯುತ್ತಿತ್ತು. ಅವನು ಅಲಗನ್ನು ಅತಿಯಾಗಿ ಮಲಗಿಸುತ್ತಿದ್ದ, ಇಲ್ಲವೆ ಅತಿಯಾಗಿ ಎತ್ತುತ್ತಿದ್ದ. ಒಮ್ಮೊಮ್ಮೆ ಚಾಕು ಬಿಸಾಡಿ ಎದ್ದು ಹೋಗುತ್ತಿದ್ದ, ಮರುದಿನ ಮತ್ತೆ ಬರುತ್ತಿದ್ದ.

ನವರಾತ್ರಿ ಕೂಡುವ ಹೊತ್ತಿಗೆ ಅವನ ಬಯ್ಗುಳ ನಿಂತಿತು. ಬೆನ್ನು ನೆಟ್ಟಗಾಯಿತು, ಉಸಿರು ನಿಧಾನವಾಯಿತು. ಕಲ್ಲಿನ ಸದ್ದು ಕಿರ್ರೆನ್ನುವುದು ಬಿಟ್ಟು ಒಂದೇ ಸಮ ಸುಯ್ಯೆನ್ನತೊಡಗಿತು. ಒಂದು ದಿನ ಮಸಿ ಹಚ್ಚಿದ ಅಂಚು ಹಿಡಿಯಿಂದ ಮೊನೆಯವರೆಗೆ ಸ್ವಚ್ಛ ಬೆಳ್ಳಗೆ ಬಂತು. ಸಿಬಿರನ್ನು ತಾನೇ ಹುಡುಕಿ ತಾನೇ ತೆಗೆದ. ಒಂದು ಕೂದಲನ್ನು ಎರಡು ಬೆರಳಲ್ಲಿ ಹಿಡಿದು ಅಲಗಿಗೆ ಮುಟ್ಟಿಸಿದ, ಅದು ಸದ್ದಿಲ್ಲದೆ ಎರಡಾಯಿತು. ನನ್ನ ಮೇಲೆ ನಾನೇ ಹೆಮ್ಮೆಪಟ್ಟೆ. ಹೆಂಡತಿ ಹೋಳಿಗೆ ಮಾಡಿದಳು.

"ತಣ್ಣಗಾದ್ನಲ್ರಿ," ಎಂದಳು. "ಹ್ಯಾಂಗ ಊಟಾ ಮಾಡಿದಾ ನೋಡಿದ್ರಿಲ್ಲ? ಸಣ್ಣವ ಇದ್ದಾಗ ಹಿಂಗ ಇದ್ದ."

ಖಂಡೇನವಮಿಗೆ ಹಿಂದಿನ ದಿನ ಸಂಜೆ ಅಂಗಡಿಯ ಕಬ್ಬಿಣವನ್ನೆಲ್ಲ ಪೂಜೆಗೆ ತೊಳೆಯಲು ಕೂತೆ. ನವಮಿಯ ದಿನ ದುಡಿಯುವ ಕಬ್ಬಿಣಕ್ಕೆ ಪೂಜೆ. ಮಸೆಗಲ್ಲು, ಕತ್ತರಿ, ಅರ, ಚಾಕು ಎಲ್ಲಕ್ಕೂ ಅರಿಷಿಣ ಕುಂಕುಮ ಹಚ್ಚಿ, ಚೆಂಡುಹೂ ಇಟ್ಟು ಸಾಲಾಗಿ ಜೋಡಿಸುತ್ತೇವೆ. ಒಮ್ಮೆ ಇಟ್ಟಿತೆಂದರೆ ದಸರೆಯ ಬೆಳಗ್ಗೆ ಆರತಿ ಎತ್ತುವವರೆಗೆ ಯಾರೂ ಮುಟ್ಟುವಂತಿಲ್ಲ. ಕಮ್ಮಾರನಿಗೂ ಅದೇ, ಕ್ಷೌರಿಕನಿಗೂ ಅದೇ. ತಾಲೀಮಿನವರು ತಮ್ಮ ಗದೆ, ಕತ್ತಿಗಳನ್ನು ಮಾರುತಿಯ ಮುಂದೆ ಇಡುತ್ತಾರೆ. ಅವನ ಚಾಕುವೂ ನನ್ನ ಬಳಿ ಇತ್ತಲ್ಲ, ತೊಳೆಯಲು ತೆರೆದೆ.

ಅಂಚಿನ ಕೆಲಸ ಕಂಡು ಖುಷಿಪಟ್ಟಿದ್ದ ನಾನು ಅಲಗಿನ ಬೆನ್ನು ನೋಡಿರಲೇ ಇಲ್ಲ. ಮೊನೆಯ ಹತ್ತಿರ, ಒಂದು ಬೆರಳಿನ ಅಗಲದಷ್ಟು, ಬೆನ್ನನ್ನೂ ತೆಳ್ಳಗೆ ಮಸೆದು ಧಾರೆ ಹಿಡಿದಿದ್ದ. ಹಣ್ಣು ಹೆಚ್ಚುವ ಚಾಕುವಿನ ಬೆನ್ನಿಗೆ ಯಾರೂ ಧಾರೆ ಹಿಡಿಯುವುದಿಲ್ಲ. ಇರಿದಾಗ ಎರಡೂ ಕಡೆ ಸೀಳಿಕೊಂಡು ಒಳಗೆ ಹೋಗಲಿಕ್ಕಷ್ಟೇ ಅದು. ನಾನು ಊಟಕ್ಕೆ ಒಳಗೆ ಹೋದಾಗ ಮಾಡಿರಬೇಕು, ಕೈ ಜಾರದಂತೆ ಹಿಡಿಗೆ ಹುರಿಯನ್ನೂ ಸುತ್ತಿದ್ದ. ಆ ಹುರಿಗೆ ಬಿದಿರಿನ ಪುಟ್ಟ ಬೆಣೆಯೊಂದನ್ನು ಕಟ್ಟಿದ್ದ. ಮಡಚುವ ಚಾಕುವಿನಿಂದ ಇರಿಯಲು ಹೋದರೆ ಅಲಗು ಮಡಚಿ ಇರಿಯುವವನ ಬೆರಳನ್ನೇ ಕತ್ತರಿಸುತ್ತದೆ ಎಂದು ಒಮ್ಮೆ ನಾನೇ ಹೇಳಿದ್ದೆ. ಹಾಗಾಗದಂತೆ, ತೆರೆದ ಅಲಗಿನ ಹಿಂದೆ ತುರುಕಲು ಆ ಬೆಣೆ. ಅಳತೆ ಒಂದು ಕೂದಲೂ ಹೆಚ್ಚುಕಡಿಮೆ ಇರಲಿಲ್ಲ.

ಅವನ ಕೈ ತಣ್ಣಗಾಗಿದ್ದು ಸಿಟ್ಟು ಇಳಿದಿದ್ದರಿಂದ ಅಲ್ಲ, ಸಿಟ್ಟಿಗೆ ನೆಲೆ ಸಿಕ್ಕಿದ್ದರಿಂದ. ನಾನು ಅವನ ಸಿಟ್ಟನ್ನು ತೇಯುತ್ತಿದ್ದೇನೆ ಅಂದುಕೊಂಡೆ. ಮಸೆದು ಮೊನೆ ಮಾಡಿ ಕೊಟ್ಟಿದ್ದೆ. ಹೆಂಡತಿಗೆ ಹೇಳಲಿಲ್ಲ. ಮೊನೆಯನ್ನು ಕಲ್ಲಿಗೆ ಕುಟ್ಟಿ ಮುರಿಯೋಣ ಎಂದು ಎತ್ತಿದೆ. ಪೂಜೆಗೆಂದು ತೊಳೆದ ಕಬ್ಬಿಣ, ಮುರಿಯಲು ಕೈ ಬರಲಿಲ್ಲ. ನಾಳೆ ಒಂದು ದಿನವಂತೂ ಭಯವಿಲ್ಲ, ನವಮಿಯ ದಿನ ಕಬ್ಬಿಣ ಎತ್ತುವ ಗಂಡಸು ಈ ಊರಲ್ಲಿ ಹುಟ್ಟಿಲ್ಲ, ದಸರೆ ಮುಗಿಯಲಿ, ತಾಲೀಮಿನ ಗುರುಗಳಾದ ವಸ್ತಾದರನ್ನು ಕರೆದು ಇವನಿಗೆ ಬುದ್ಧಿ ಹೇಳಿಸುತ್ತೇನೆ ಎಂದುಕೊಂಡೆ. ಚಾಕುವನ್ನು ಸಾಲಿನ ನಡುವೆ ಇಟ್ಟೆ.

ನವಮಿಯ ಮಧ್ಯಾಹ್ನ ಅವನು ಬಂದ. ಸ್ನಾನ ಮಾಡಿ, ತಲೆಗೆ ಎಣ್ಣೆ ಹಚ್ಚಿ, ಒಗೆದ ಅಂಗಿ ಹಾಕಿದ್ದ. ಹೊಸ್ತಿಲ ಹೊರಗೆ ಚಪ್ಪಲಿ ಬಿಟ್ಟ. ಸಾಲಿಗೆ ಕೈ ಮುಗಿದ. ಆಮೇಲೆ ಮೆಲ್ಲಗೆ ಹೇಳಿದ:

"ಚಾಕು ಒಯ್ತೀನ್ರಿ, ಮಾಮಾ."

"ಪೂಜಾದಾಗ ಅದ. ನಾಳೆ ಮುಂಜಾನೆ ಎತ್ತೂದು."

"ನಾಳೆ ಆಗೂದಿಲ್ಲ. ಇವತ್ತ ಆಗಬೇಕು."

"ಯಾಕ? ಇವತ್ತ ಏನದ?"

ಅವನು ನಕ್ಕ. ಆ ನಗು ನನಗೆ ಇನ್ನೂ ನೆನಪಿದೆ. "ಇವತ್ತ ಅವರ ಕಬ್ಬಣನೂ ಪೂಜಾದಾಗ ಅದರಿ. ಅವನ ಸೊಂಟದಾಗ ಇವತ್ತ ಏನೂ ಇರೂದಿಲ್ಲ. ಬರಿಗೈಲೆ ಮಾರುತಿ ಗುಡಿ ಮುಂದ ಕೂತಾನ. ನೋಡಿಕೊಂಡು ಬಂದೀನಿ."

ನಾನು ಕಾವಲೆಂದು ನಂಬಿದ್ದ ದಿನವನ್ನೇ ಇವನು ಬೇಟೆಗೆ ಆರಿಸಿದ್ದ. ನನ್ನ ಮೈ ಉರಿದುಹೋಯಿತು. ಅವನ ಕೆನ್ನೆಗೆ ಹೊಡೆದೆ. ಅವನು ನನ್ನನ್ನು ಹೊಡೆಯಲಿಲ್ಲ. ಸೊಂಟಕ್ಕೆ ಕೈ ಹಾಕಿ ಎತ್ತಿ ಪಕ್ಕಕ್ಕೆ ಎಸೆದ. ನನ್ನ ಹಣೆ ಹಲಗೆಯ ಮೂಲೆಗೆ ಬಡಿಯಿತು. ಕಣ್ಣಿನೊಳಗೆ ರಕ್ತ ಇಳಿದು ಒಂದು ಗಳಿಗೆ ಎಲ್ಲ ಕೆಂಪಗೆ ಕಂಡಿತು. ಸದ್ದು ಕೇಳಿ ಹೆಂಡತಿ ಒಳಗಿನಿಂದ ಓಡಿ ಬಂದು ಬಾಗಿಲಿಗೆ ಅಡ್ಡ ನಿಂತಳು.

"ತಮ್ಮಾ, ನನ್ನ ತುಳದು ಹೋಗು."

"ಸರೀ ಅಕ್ಕಾ," ಎಂದ, ಸಣ್ಣ ಮಗುವನ್ನು ಎತ್ತುವಂತೆ ಅವಳನ್ನು ಎತ್ತಿ ಬದಿಗೆ ಇಟ್ಟ. ತಿರುಗಿ ಬಂದು ಸಾಲಿನ ಮೇಲೆ ಬಗ್ಗಿದ. ಚೆಂಡುಹೂ ಸರಿಸಿ ಚಾಕು ಎತ್ತಿದ. ಕುಂಕುಮವನ್ನು ಅಂಗಿಗೆ ಒರೆಸಿಕೊಂಡ. ಅಲಗು ತೆರೆದು ಬೆಣೆ ತುರುಕಿದ. ನವಮಿಯ ದಿನ ಕಬ್ಬಿಣ ಎತ್ತಿದ ಗಂಡಸನ್ನು ನನ್ನ ಕಣ್ಣಾರೆ ಕಂಡೆ.

ನಾನು ಎದ್ದೆ. ಅವನನ್ನು ತಡೆಯುವ ಬಲ ನನಗಿಲ್ಲ, ನನ್ನಂಥ ನಾಲ್ವರಿಗೂ ಇರಲಿಲ್ಲ. ಅವನು ಹೊಸ್ತಿಲು ದಾಟುವ ಮೊದಲು ಅವನ ಕೈಯಲ್ಲಿದ್ದ ಚಾಕುವಿನ ಅಲಗನ್ನೇ ನನ್ನ ಬಲಗೈ ಮುಷ್ಟಿಯಲ್ಲಿ ಹಿಡಿದೆ. ಬಿಗಿಯಾಗಿ ಹಿಡಿದೆ.

ನೋವು ಆಗಲಿಲ್ಲ. ಒಳ್ಳೆಯ ಧಾರೆಯ ಗುಣ ಅದು, ಮೊದಲು ತಣ್ಣಗೆ ಅನ್ನಿಸುತ್ತದೆ ಅಷ್ಟೇ. ಆಮೇಲೆ ಮುಷ್ಟಿಯ ಕೆಳಗಿನಿಂದ ರಕ್ತ ಇಳಿಯತೊಡಗಿತು.

"ಬಿಡ್ರಿ ಮಾಮಾ," ಎಂದ.

"ಎಳಿ."

"ಬೆರಳ ಹೋಗ್ತಾವ್ರಿ. ಬಿಡ್ರಿ."

"ನೀನ ಮಸದದ್ದು. ಎಷ್ಟು ಹರಿತ ಅದ ನಿನಗ ಗೊತ್ತದ. ಒಂದ ಸಲ ಎಳಿ, ಹೋಗಿಬಿಡ್ತಾವ. ಈ ಕೈ ನಿನ್ನ ಅಕ್ಕಗ ಅನ್ನಾ ಹಾಕೂ ಕೈ. ಮೊದಲ ಇದನ್ನ ಕತ್ತರಿಸು. ಆಮ್ಯಾಲ ಅಲ್ಲಿ ಹೋಗಿ ಬರಿಗೈಲೆ ಕೂತವನ್ನ ಇರಿ. ಎಳಿಯಲೇ, ಹೇಡಿ!"

ಹೇಡಿ ಎಂದದ್ದಕ್ಕೋ ಏನೋ, ಅವನ ಕೈ ಒಮ್ಮೆ ಹಿಂದಕ್ಕೆ ಜಗ್ಗಿತು. ಅವನು ಜಗ್ಗಿದನೋ, ಪೈಲವಾನನ ಕೈ ತಾನಾಗಿ ಜಗ್ಗಿತೋ, ಅದನ್ನು ನಾವಿಬ್ಬರೂ ಮುಂದೆ ಯಾವತ್ತೂ ಮಾತಾಡಲಿಲ್ಲ. ಅಲಗು ನನ್ನ ಮುಷ್ಟಿಯೊಳಗೆ ಅರ್ಧ ಜಾರಿತು. ಒಳಗೆ ಏನೋ ದಾರ ಹರಿದಂತೆ ಸಣ್ಣ ಸದ್ದು ಕೇಳಿಸಿತು. ಕಿರುಬೆರಳು, ಅದರ ಪಕ್ಕದ ಬೆರಳು ಎರಡೂ ನನ್ನ ಮಾತು ಕೇಳುವುದನ್ನು ನಿಲ್ಲಿಸಿದವು. ಉಳಿದ ಬೆರಳಿನಿಂದ ಇನ್ನೂ ಹಿಡಿದೇ ಇದ್ದೆ. ರಕ್ತ ಪೂಜೆಯ ಸಾಲಿನ ಮೇಲೆ ಬಿತ್ತು, ಕಲ್ಲಿನ ಮೇಲೆ ಬಿತ್ತು. ಹೆಂಡತಿ ಚೀರಿದಳು. ಇಡೀ ಓಣಿಗೆ ಕೇಳಿಸುವ ಚೀರು ಅದು.

ಅವನು ಚಾಕುವಿನ ಹಿಡಿ ಬಿಟ್ಟ.

ಬಿಟ್ಟವನು ಅಲ್ಲೇ ಕುಸಿದು ನನ್ನ ಮಣಿಕಟ್ಟನ್ನು ಎರಡು ಕೈಯಿಂದ ಅಮುಕಿ ಹಿಡಿದ. ಎಂಥೆಂಥವರನ್ನೋ ಮಣ್ಣಿಗೆ ಒತ್ತಿ ಹಿಡಿಯುತ್ತಿದ್ದ ಪಟ್ಟು ಅದು. ರಕ್ತ ಅಲ್ಲಿಯೇ ನಿಂತಿತು. ಒಂದು ಕೈಯಲ್ಲಿ ಹಾಗೆ ಅಮುಕಿಕೊಂಡೇ ನನ್ನನ್ನು ಹೆಗಲಿಗೆ ಹಾಕಿಕೊಂಡು ಸರ್ಕಾರಿ ದವಾಖಾನೆಗೆ ಓಡಿದ. ಹತ್ತಿರದ ದಾರಿ ಎದುರು ತಾಲೀಮಿನ ಮುಂದಿನದು. ಅದೇ ದಾರಿಯಲ್ಲಿ ಓಡಿದ. ಮಾರುತಿ ಗುಡಿಯ ಕಟ್ಟೆಯ ಮೇಲಿದ್ದವರೆಲ್ಲ ಎದ್ದು ನಿಂತರು. ಹಾಲಿನವನೂ ಎದ್ದ. ರಕ್ತ ಮೆತ್ತಿಕೊಂಡು ಬರುತ್ತಿದ್ದವನನ್ನು ಕಂಡು ಬಗ್ಗಿ ಕಲ್ಲೊಂದನ್ನು ಕೈಗೆತ್ತಿಕೊಂಡ. ಆಮೇಲೆ ಹೆಗಲ ಮೇಲಿದ್ದ ನನ್ನನ್ನು ನೋಡಿದ. ಕಲ್ಲು ಹಿಡಿದೇ ಬದಿಗೆ ಸರಿದು ದಾರಿ ಬಿಟ್ಟ. ಭಾವಮೈದುನ ಅವನ ಕಡೆ ನೋಡಲೂ ಇಲ್ಲ, "ಮಾಮಾ, ಕಣ್ಣ ಮುಚ್ಚಬ್ಯಾಡ್ರಿ, ಮಾಮಾ" ಎನ್ನುತ್ತ ಓಡುತ್ತಿದ್ದ.

ಡಾಕ್ಟರು ಗಾಯ ನೋಡಿ, ಇಷ್ಟು ಸ್ವಚ್ಛ ಕೊಯ್ದದ್ದನ್ನು ತಾನು ನೋಡಿಲ್ಲ, ಬೇಗ ಕೂಡುತ್ತದೆ ಎಂದರು. ಚರ್ಮ ಕೂಡಿತು. ಒಳಗಿನ ನರ ಕೂಡಲಿಲ್ಲ. ನವಮಿಯ ಮರುದಿನ ದಸರೆ. ಬನ್ನಿ ಕೊಡಲು ಅವನು ನನ್ನ ಹಾಸಿಗೆಯ ಬಳಿ ಬಂದ. ಬಲಗೈ ಬಟ್ಟೆಯಲ್ಲಿತ್ತು. ಎಡಗೈಯಲ್ಲಿ ಎಲೆ ಇಟ್ಟು, "ಬಂಗಾರದಂಗ ಇರೋಣ್ರಿ" ಎನ್ನಲು ಹೋಗಿ, ಪೂರ್ತಿ ಹೇಳಲಾಗದೆ ಹೊರಗೆ ಹೋದ. ನನಗೂ ಅಳು ಬಂತು. ಹೆಂಡತಿ ನೋಡಲಿಲ್ಲ ಎಂದು ಭಾವಿಸಿದ್ದೇನೆ.

ಎರಡು ಬೆರಳು ಮಡಚದ ಕೈಗೆ ಅಲಗಿನ ಎತ್ತರ ಕಾಯಲು ಬರುವುದಿಲ್ಲ. ನನ್ನ ಬದಲು ಭಾವಮೈದುನ ಕಲ್ಲಿನ ಮುಂದೆ ಕೂತ. ಯಾರೂ ಕೂರು ಎನ್ನಲಿಲ್ಲ, ತಾನಾಗಿ ಕೂತ. ನಾನು ಹಿಂದೆ ಕುಳಿತು ಬೈಯುತ್ತಿದ್ದೆ. ಬೈಯಲು ಬೆರಳು ಬೇಕಾಗಿಲ್ಲ. ಸಂಜೆ ಅವನ ಜೋಡಿದಾ‌ರ ಊರುಗೋಲಿನಿಂದ ಬಂದು ಕಟ್ಟೆಯ ಮೇಲೆ ಕೂರುತ್ತಿದ್ದ.

ಸಂಕ್ರಾಂತಿ ಕಳೆದ ಮೇಲೆ ಒಂದು ಬೆಳಗ್ಗೆ, ಹಾಲು ಹಾಕಿ ಖಾಲಿಯಾದ ಹಂಡೆಗಳನ್ನು ಹೊರಗಿಟ್ಟು, ಆ ಹಾಲಿನವ ಅಂಗಡಿಯ ಮುಂದೆ ಬಂದು ನಿಂತ. ಸೊಂಟದಿಂದ ಒಂದು ಚಾಕು ತೆಗೆದು ಹಲಗೆಯ ಮೇಲೆ ಇಟ್ಟ. ಮೆರವಣಿಗೆಯ ದಿನ ಅವನ ಕೈಯಲ್ಲಿ ಕಂಡ ಅದೇ ಮಡಚುವ ಚಾಕು. ಮೊಂಡು, ಬಾಯಿಯಲ್ಲಿ ಹಲ್ಲು ಬಿದ್ದಿದ್ದವು.

"ಧಾರ ಲಾವಾಯಚೀ ಆಹೆ," ಎಂದ. ಧಾರೆ ಹಿಡಿಯಬೇಕು ಎಂದಷ್ಟೇ. ಕಣ್ಣು ಮಾತ್ರ ನನ್ನ ಬಲಗೈಯ ಮೇಲಿತ್ತು.

ಭಾವಮೈದುನ ತಲೆ ಎತ್ತಿ ಅವನನ್ನು ನೋಡಿದ. ಕಟ್ಟೆಯ ಕಡೆ ನೋಡಿದ. ಜೋಡಿದಾರ ಅಷ್ಟು ಹೊತ್ತಿಗೆ ಬಂದಿರಲಿಲ್ಲ. ಒಳಗೆ ಹೆಂಡತಿಯ ಬೀಸುಕಲ್ಲು ನಿಂತಿತು. ನಾನು ಎದ್ದು ನಡುವೆ ಬರುವ ಮೊದಲೇ ಭಾವಮೈದುನ ಚಾಕು ಎತ್ತಿಕೊಂಡ. ಒರಟು ಕಲ್ಲಿಗೆ ನೀರು ಚಿಮುಕಿಸಿದ. ಹಲ್ಲುಗಳೆಲ್ಲ ಹೋಗುವವರೆಗೆ ಮಸೆದ, ಆಚೆ ಬದಿ ಮಸೆದ, ನಯ ಕಲ್ಲಿಗೆ ಬಂದ. ಸದ್ದು ಮೊದಲಿನಿಂದ ಕೊನೆಯವರೆಗೆ ಒಂದೇ ಸಮ. ಅವನ ಕೈ ಹೀಗೆ ತಣ್ಣಗಾದದ್ದನ್ನು ನಾನು ಹಿಂದೊಮ್ಮೆ ನೋಡಿ ಮೋಸಹೋಗಿದ್ದೆ. ಆ ಸಲ ನಂಬಲು ಧೈರ್ಯ ಸಾಲಲಿಲ್ಲ. ಹಾಲಿನವ ಕದಲದೆ ನಿಂತಿದ್ದ, ಅವನ ಕುತ್ತಿಗೆಯ ನರ ಹೊಡೆದುಕೊಳ್ಳುವುದು ಕಾಣುತ್ತಿತ್ತು.

ಚರ್ಮದ ಪಟ್ಟಿಯ ಮೇಲೆ ಎಳೆದು, ಮುಂಗೈಯ ಕೂದಲಿನ ಮೇಲೆ ನೋಡಿದ. ಆಮೇಲೆ ಬಾಗಿಲ ಚೌಕಟ್ಟಿನಿಂದ ಒಂದು ಚಕ್ಕೆ ತೆಗೆದು, ಮತ್ತೆ ಕೂದಲಿನ ಮೇಲೆ ನೋಡಿದ. ಸಿಬಿರು ಇರಲಿಲ್ಲ. ಒಳ್ಳೆಯ ಧಾರೆಯನ್ನೇ ಹಿಡಿದಿದ್ದ. ಚಾಕು ಕೈಯಲ್ಲಿ ಹಿಡಿದು ಎದ್ದು ನಿಂತ. ಇಬ್ಬರ ನಡುವೆ ಹಲಗೆಯಷ್ಟೇ ಅಂತರ.

ಅವನು ಬಗ್ಗಿ, ಹಿಡಿ ಎದುರಿನವನ ಕಡೆಗೆ ಬರುವಂತೆ, ಚಾಕುವನ್ನು ಹಲಗೆಯ ಮೇಲೆ ಇಟ್ಟ.

ಹಾಲಿನವ ಅದನ್ನು ಎತ್ತಿದ. ಅಂಚನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದ. ಮಡಚಿದ. ಸೊಂಟಕ್ಕೆ ಸಿಕ್ಕಿಸಿಕೊಳ್ಳಲು ಹೋದವನು ತಡೆದು, ಮತ್ತೆ ಹಲಗೆಯ ಮೇಲೆಯೇ ಇಟ್ಟ.

"ರಾಹೂ ದ್ಯಾ," ಎಂದ. ಇಲ್ಲೇ ಇರಲಿ ಎಂದು. ಹಂಡೆಗಳನ್ನು ಎತ್ತಿಕೊಂಡು ಹೋದ. ಮತ್ತೆ ಅದನ್ನು ಕೇಳಲು ಬರಲಿಲ್ಲ.

ಈಗಲೂ ಪ್ರತಿ ವರ್ಷ ಖಂಡೇನವಮಿಯ ಹಿಂದಿನ ದಿನ ಭಾವಮೈದುನ ಆ ಎರಡು ಚಾಕುಗಳನ್ನೂ ಪೆಟ್ಟಿಗೆಯಿಂದ ತೆಗೆಯುತ್ತಾನೆ. ತನ್ನದರ ಬೆನ್ನಿನ ಧಾರೆಯನ್ನು ಆ ವರ್ಷವೇ ಕಲ್ಲಿಗೆ ಅಡ್ಡ ಹಿಡಿದು ಕೊಂದಿದ್ದ. ಎರಡನ್ನೂ ಮಸೆದು, ಪಕ್ಕಪಕ್ಕ ಪೂಜೆಗೆ ಇಟ್ಟು, ದಸರೆಯ ದಿನ ಎಣ್ಣೆ ಸವರಿ ಮಡಚಿ ಒಳಗಿಡುತ್ತಾನೆ. ಒಮ್ಮೆ ನಾನು ಸುಮ್ಮನಿರಲಾರದೆ ರೇಗಿದೆ.

"ಯಾರೂ ಒಯ್ಯದ ಚಾಕು. ಯಾರೂ ಕೇಳದ ಚಾಕು. ಯಾಕ ಮಸೀತಿ ವರ್ಷಾ ವರ್ಷಾ?"

ಅವನು ಕಲ್ಲಿನಿಂದ ಕಣ್ಣು ತೆಗೆಯಲಿಲ್ಲ.

"ಸುಮ್ಮ ಬಿಟ್ರ ತುಕ್ಕ ಹಿಡೀತಾವ್ರಿ, ಮಾಮಾ," ಎಂದ.